ಉಸಿರಿನ ಕೊರತೆಯೂ ಅಧಿಕ ಪ್ರವಾಹದ ಆಮ್ಲಜನಕವೂ

ಮನುಷ್ಯನು ಅನ್ನವಿಲ್ಲದೆ ಕೆಲವು ವಾರ, ನೀರಿಲ್ಲದೆ ಕೆಲವು ದಿನ ಜೀವಿಸಬಲ್ಲನು. ಆಮ್ಲಜನಕವಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಕಾಲ ಬದುಕಲಾರನು. ಇದಕ್ಕೆ ಕಾರಣ ಸರಳವಾದುದು. ದೇಹವು ಚರ್ಮದಡಿಯಲ್ಲಿ ಕೊಬ್ಬನ್ನೂ, ಯಕೃತ್ತಿನಲ್ಲಿ ಸಕ್ಕರೆಯನ್ನೂ, ಎಲುಬಿನಲ್ಲಿ ಸುಣ್ಣವನ್ನೂ ಕೂಡಿಡುತ್ತದೆ. ಆಮ್ಲಜನಕವನ್ನು ಕೂಡಿಡುವ ಏರ್ಪಾಡು ಮಾತ್ರ ಅದರಲ್ಲಿಲ್ಲ. ಸುಮ್ಮನೆ ಕುಳಿತಿರುವ ವಯಸ್ಕನ ದೇಹವು ನಿಮಿಷಕ್ಕೆ ಸುಮಾರು 250 ಮಿಲಿಲೀಟರು ಆಮ್ಲಜನಕವನ್ನು ವ್ಯಯಿಸುತ್ತದೆ. ರಕ್ತ ಮತ್ತು ಶ್ವಾಸಕೋಶಗಳಲ್ಲಿ ಇರುವ ಒಟ್ಟು ದಾಸ್ತಾನು ಒಂದೂವರೆ ಲೀಟರಿನ ಆಸುಪಾಸು. ಅದೂ ಪೂರ್ತಿಯಾಗಿ ಬಳಕೆಗೆ ಒದಗುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಉಳಿತಾಯವೇ ಇಲ್ಲದ ಖಾತೆ. ಆ ಕ್ಷಣದ ಜಮೆಯಿಂದಲೇ ಆ ಕ್ಷಣದ ಖರ್ಚು ಸಾಗಬೇಕು.

ಈ ಜಮೆಯನ್ನು ತಂದುಕೊಡುವ ಅಂಗಗಳೇ ಶ್ವಾಸಕೋಶಗಳು. ಅವುಗಳಲ್ಲಿ ಮೂವತ್ತು ಕೋಟಿಗೂ ಮಿಕ್ಕಿದ ಸೂಕ್ಷ್ಮ ಗಾಳಿಚೀಲಗಳಿವೆ. ಪ್ರತಿಯೊಂದನ್ನೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಬಲೆ ಸುತ್ತುವರಿದಿದೆ. ಅಲ್ಲಿ ಆಮ್ಲಜನಕವು ರಕ್ತಕ್ಕೆ ಇಳಿಯುತ್ತದೆ. ಇಂಗಾಲದ ಡೈಆಕ್ಸೈಡು, ಅಂದರೆ ಹಳೆಯ ಪಠ್ಯಪುಸ್ತಕಗಳ ಇಂಗಾಲಾಮ್ಲ ವಾಯು, ಹೊರಕ್ಕೆ ಬರುತ್ತದೆ. ಈ ಕೊಡು-ಕೊಳ್ಳುವಿಕೆ ಕೆಟ್ಟು ನಿಂತ ಸ್ಥಿತಿಗೆ ವೈದ್ಯರು ‘ಶ್ವಾಸ ವೈಫಲ್ಯ’ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳುಂಟು. ನ್ಯುಮೋನಿಯಾದಂತಹ ರೋಗಗಳಲ್ಲಿ ಗಾಳಿಚೀಲಗಳು ಕೀವು-ನೀರುಗಳಿಂದ ತುಂಬಿ ಆಮ್ಲಜನಕವು ರಕ್ತಕ್ಕೆ ಸೇರದೆ ಹೋಗುತ್ತದೆ. ಆಗ ಧಮನಿಯ ರಕ್ತದಲ್ಲಿ ಅದರ ಒತ್ತಡವು 60 ಮಿಲಿಮೀಟರು ಪಾದರಸಕ್ಕಿಂತ ಕೆಳಗಿಳಿಯುತ್ತದೆ. ಇದು ಮೊದಲನೆಯ ಬಗೆ. ಉಸಿರಾಟದ ಸ್ನಾಯುಗಳು ಸೋತೋ, ಶ್ವಾಸನಾಳಗಳು ಹಳೆಯ ರೋಗದಿಂದ ಕಿರಿದಾಗಿಯೋ ಇಂಗಾಲಾಮ್ಲವು ರಕ್ತದಲ್ಲಿ ಶೇಖರವಾಗುವುದು ಎರಡನೆಯ ಬಗೆ. ಬೀಡಿ ಸಿಗರೇಟು ಸೇದಿದವರಲ್ಲಿ ಇದು ಹೆಚ್ಚು. ಆದರೆ ಒಂದು ದಿನವೂ ಹೊಗೆಸೊಪ್ಪನ್ನು ಮುಟ್ಟದಿದ್ದರೂ ಊರಿನ ಅಡಿಗೆಮನೆಯಲ್ಲಿ ಮೂವತ್ತು ನಲವತ್ತು ವರ್ಷ ಸೌದೆಯ ಒಲೆಯನ್ನು ಊದಿ, ಇಳಿವಯಸ್ಸಿನಲ್ಲಿ ಮಕ್ಕಳ ಜೊತೆಗಿರಲು ಮಹಾನಗರಕ್ಕೆ ಬಂದ ತಾಯಂದಿರಲ್ಲಿಯೂ ಈ ರೋಗ ಕಾಣುತ್ತದೆ ಎಂಬುದನ್ನು ಮರೆಯಲಾಗದು.

ಸಾಮಾನ್ಯ ನಳಿಕೆ ಸಾಲದೆ ಹೋಗುವುದೇಕೆ?

ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21. ಅದು ಸಾಲದ ರೋಗಿಗೆ ಸಿಲಿಂಡರಿನಿಂದಲೋ ಗೋಡೆಯ ಕೊಳವೆಯಿಂದಲೋ ಶುದ್ಧ ಆಮ್ಲಜನಕವನ್ನು ಕೊಡುವ ಪದ್ಧತಿ ಹಳೆಯದು. ಮೂಗಿಗೆ ಸೇರಿಸುವ ಸಣ್ಣ ಕವಲುನಳಿಕೆಯಿಂದ ನಿಮಿಷಕ್ಕೆ 5-6 ಲೀಟರು, ಮುಖವಾಡದಿಂದ 10 ಲೀಟರು, ಚೀಲವುಳ್ಳ ಮುಖವಾಡದಿಂದ 15 ಲೀಟರಿನವರೆಗೆ ಕೊಡಬಹುದು. ರೋಗಿಯ ಮನೆಯವರು ‘ಆಕ್ಸಿಜನ್ ಹಾಕಿದ್ದಾರೆ’ ಎಂದು ಕೇಳಿದೊಡನೆ ಶುದ್ಧ ಆಮ್ಲಜನಕವೇ ಶ್ವಾಸಕೋಶಕ್ಕೆ ಹೋಗುತ್ತಿದೆಯೆಂದು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ.

ಆರೋಗ್ಯವಂತನು ವಿಶ್ರಾಂತಿಯಲ್ಲಿದ್ದಾಗ ಉಸಿರನ್ನು ಒಳಗೆಳೆಯುವ ರಭಸವು ನಿಮಿಷಕ್ಕೆ ಸುಮಾರು 30 ಲೀಟರಿನ ದರದಲ್ಲಿರುತ್ತದೆ. ಏದುಸಿರು ಬಿಡುವ ರೋಗಿಯಲ್ಲಿ ಅದೇ ರಭಸವು 60 ಲೀಟರಿಗೂ, ಕೆಲವರಲ್ಲಿ ಇನ್ನೂ ಮೇಲಕ್ಕೂ ಏರುತ್ತದೆ. ಕೊಳವೆಯಿಂದ ಬರುವುದು 10 ಲೀಟರು. ಒಳಗೆಳೆಯುವ ದರ 60 ಲೀಟರು. ಉಳಿದ 50 ಲೀಟರು ಎಲ್ಲಿಂದ ಬಂತು? ಮುಖವಾಡದ ಅಂಚುಗಳಿಂದ ನುಗ್ಗಿದ ಕೋಣೆಯ ಗಾಳಿಯೇ ಅದು. ಹತ್ತು ಲೀಟರು ಶುದ್ಧ ಆಮ್ಲಜನಕಕ್ಕೆ ಐವತ್ತು ಲೀಟರು ಗಾಳಿಯಲ್ಲಿರುವ ಹತ್ತೂವರೆ ಲೀಟರನ್ನು ಕೂಡಿಸಿ ಅರವತ್ತರಿಂದ ಭಾಗಿಸಿದರೆ ಶೇಕಡಾ 34 ಮಾತ್ರ ಬರುತ್ತದೆ. ಅದೇ ಹತ್ತು ಲೀಟರು, ಶಾಂತವಾಗಿ ಉಸಿರಾಡುವವನಿಗೆ ಶೇಕಡಾ 47ರಷ್ಟಾಗುತ್ತದೆ. ಇದು ಸ್ಥೂಲವಾದ ಲೆಕ್ಕವೇ ಸರಿ. ಆದರೂ ಇದರಿಂದ ಹೊರಡುವ ಸತ್ಯ ವಿಚಿತ್ರವಾದುದು. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ದೊರೆಯುತ್ತದೆ. ರೋಗ ಬಲಿತಂತೆಲ್ಲ ಔಷಧಿಯು ತೆಳುವಾಗುತ್ತ ಹೋಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಸಿಲಿಂಡರಿನ ಆಮ್ಲಜನಕವು ಒಣವಾಯು. ಮೂಗು ಗಂಟಲುಗಳ ಒಳಪೊರೆಯು ಅದನ್ನು ತೇವಗೊಳಿಸಲಾರದೆ ತಾನೇ ಒಣಗುತ್ತದೆ. ಕಫವು ಅಂಟಾಗಿ ಕಚ್ಚಿಕೊಳ್ಳುತ್ತದೆ. ರೋಗಿಯು ಉರಿ ತಾಳಲಾರದೆ ನಳಿಕೆಯನ್ನು ಕಿತ್ತೆಸೆಯುತ್ತಾನೆ.

ಹೊಸ ಸಾಧನ

ಈ ಎರಡು ದೋಷಗಳಿಗೂ ಒಟ್ಟಾಗಿ ಕಂಡುಕೊಂಡ ಪರಿಹಾರವೇ ಅಧಿಕ ಪ್ರವಾಹದ ಮೂಗಿನ ಆಮ್ಲಜನಕ ಚಿಕಿತ್ಸೆ. ಆಸ್ಪತ್ರೆಯ ಮಾತಿನಲ್ಲಿ ಇದು ‘ಹೈ ಫ್ಲೋ’ ಅಥವಾ ‘ಎಚ್.ಎಫ್.ಎನ್.ಸಿ.’. ಮೊದಲು ಇದು ಹೆಚ್ಚಾಗಿ ಬಳಕೆಗೆ ಬಂದದ್ದು ದಿನ ತುಂಬದೆ ಹುಟ್ಟಿದ ಶಿಶುಗಳಿಗೆ; ವಯಸ್ಕರಿಗೆ ವ್ಯಾಪಕವಾದದ್ದು ಈಚಿನ ಹದಿನೈದು ವರ್ಷಗಳಲ್ಲಿ. ನೋಡಲು ಇದೇನೂ ಭಾರಿ ಯಂತ್ರವಲ್ಲ. ಗಾಳಿಯನ್ನೂ ಆಮ್ಲಜನಕವನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುವ ಒಂದು ಭಾಗ, ನೀರನ್ನು ಬಿಸಿಮಾಡುವ ಒಂದು ಪಾತ್ರೆ, ಒಳಗೆ ತಂತಿಯಿಂದ ಬೆಚ್ಚಗಿಟ್ಟ ಒಂದು ದಪ್ಪ ಕೊಳವೆ, ಮೂಗಿಗೆ ಅಗಲವಾದ ಮೃದುವಾದ ಕವಲುನಳಿಕೆ—ಇಷ್ಟೆ. ಆದರೆ ಇದು ನಿಮಿಷಕ್ಕೆ 60 ಲೀಟರಿನವರೆಗೆ ವಾಯುವನ್ನು ಕೊಡಬಲ್ಲದು. ಅದರಲ್ಲಿ ಆಮ್ಲಜನಕದ ಪಾಲನ್ನು ಶೇಕಡಾ 21ರಿಂದ 100ರವರೆಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು.

ರೋಗಿಯು ಎಳೆಯುವಷ್ಟನ್ನು ಯಂತ್ರವೇ ಪೂರೈಸುವುದರಿಂದ ಕೋಣೆಯ ಗಾಳಿ ಬೆರೆಯುವ ಪ್ರಮೇಯ ಬಹಳ ಮಟ್ಟಿಗೆ ತಪ್ಪುತ್ತದೆ. ಶೇಕಡಾ 60 ಎಂದು ಇಟ್ಟರೆ ಶ್ವಾಸಕೋಶಕ್ಕೆ ಹೆಚ್ಚುಕಡಿಮೆ ಅಷ್ಟೇ ತಲಪುತ್ತದೆ. ವಾಯುವು ದೇಹದ ಉಷ್ಣತೆಗೆ, ಅಂದರೆ 37 ಡಿಗ್ರಿ ಸೆಲ್ಸಿಯಸಿಗೆ ಕಾದು, ಲೀಟರಿಗೆ 44 ಮಿಲಿಗ್ರಾಮು ನೀರಾವಿಯನ್ನು ಹೊತ್ತು ಬರುತ್ತದೆ. ಅದಕ್ಕಿಂತ ಹೆಚ್ಚು ಆವಿ ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಹಿಡಿಯದು. ಅರವತ್ತು ಲೀಟರಿನ ಪ್ರವಾಹದಲ್ಲಿ ಒಣವಾಯುವನ್ನು ಹೀಗೆ ತೇವಗೊಳಿಸಲು ದಿನಕ್ಕೆ 3.8 ಲೀಟರು ನೀರು ಬೇಕು! ಯಂತ್ರದ ಪಕ್ಕದಲ್ಲಿ ತೂಗುಹಾಕಿದ ನೀರಿನ ಚೀಲವನ್ನು ದಾದಿಯರು ಮತ್ತೆ ಮತ್ತೆ ಬದಲಾಯಿಸುವುದು ಇದಕ್ಕಾಗಿಯೇ. ಚೀಲ ಬರಿದಾದದ್ದನ್ನು ಕಂಡರೆ ಕೂಡಲೆ ತಿಳಿಸತಕ್ಕದ್ದು.

ಮೂರನೆಯ ಲಾಭವೊಂದುಂಟು, ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಉಸಿರಿನ ಸುಮಾರು 500 ಮಿಲಿಲೀಟರಿನಲ್ಲಿ 150ರಷ್ಟು ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಗಾಳಿಚೀಲಗಳನ್ನು ತಲಪುವುದೇ ಇಲ್ಲ. ಹಿಂದಿನ ಉಸಿರಿನ ಹಳಸಲು ಗಾಳಿ ಅಲ್ಲಿ ನಿಂತಿದ್ದು ಮುಂದಿನ ಉಸಿರಿನೊಡನೆ ಮರಳಿ ಒಳಸೇರುತ್ತದೆ. ರಭಸವಾದ ಪ್ರವಾಹವು ಮೂಗು ಗಂಟಲುಗಳ ಭಾಗದ ಈ ಹಳಸಲನ್ನು ತೊಳೆದುಹಾಕುತ್ತದೆ. ಹೀಗಾಗಿ ಪ್ರತಿ ಉಸಿರೂ ಸ್ವಲ್ಪ ಹೆಚ್ಚು ಫಲಕಾರಿಯಾಗಿ, ಉಸಿರಾಟದ ಸಂಖ್ಯೆ ಇಳಿಯುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ 2-3 ಸೆಂಟಿಮೀಟರು ನೀರಿನಷ್ಟು ಒತ್ತಡವೂ ಉಂಟಾಗಿ ಗಾಳಿಚೀಲಗಳು ಕುಸಿಯದಂತೆ ಒತ್ತಾಸೆಯಾಗುತ್ತದೆ. ಬಾಯಿ ತೆರೆದರೆ ಅದು ಅರ್ಧಕ್ಕಿಳಿಯುತ್ತದೆ. ‘ಬಾಯಿ ಮುಚ್ಚಿಕೊಳ್ಳಿ’ ಎಂದು ದಾದಿಯು ಹೇಳಿದರೆ ಅದು ಗದರಿಕೆಯಲ್ಲ, ಚಿಕಿತ್ಸೆಯ ಅಂಗ.

ಪ್ರಯೋಜನದ ಪುರಾವೆ ಏನು? 2015ರಲ್ಲಿ ಪ್ರಕಟವಾದ ಫ್ರಾನ್ಸ್ ಮತ್ತು ಬೆಲ್ಜಿಯಮ್ ದೇಶಗಳ ಅಧ್ಯಯನದಲ್ಲಿ 310 ರೋಗಿಗಳಿದ್ದರು. ತೊಂಬತ್ತು ದಿನಗಳೊಳಗೆ ಮೃತರಾದವರು ಅಧಿಕ ಪ್ರವಾಹದ ಗುಂಪಿನಲ್ಲಿ ಶೇಕಡಾ 12, ಸಾಮಾನ್ಯ ಆಮ್ಲಜನಕದ ಗುಂಪಿನಲ್ಲಿ 23, ಬಿಗಿಮುಖವಾಡದಿಂದ ಒತ್ತಡದ ಗಾಳಿ ಕೊಟ್ಟ ಗುಂಪಿನಲ್ಲಿ 28. ಆದರೆ ಗಂಟಲಿಗೆ ಕೊಳವೆ ಹಾಕಬೇಕಾದವರ ಪ್ರಮಾಣದಲ್ಲಿ ಮೂರು ಗುಂಪುಗಳ ನಡುವೆ ಖಚಿತವಾದ ವ್ಯತ್ಯಾಸ ಸಿದ್ಧವಾಗಲಿಲ್ಲ. ಕೋವಿಡ್ ಕಾಲದಲ್ಲಿ ಕೊಲಂಬಿಯಾ ದೇಶದ ಅಧ್ಯಯನವೊಂದು ಕೊಳವೆಯ ಅಗತ್ಯವು ಶೇಕಡಾ 51ರಿಂದ 34ಕ್ಕೆ ಇಳಿಯಿತೆಂದು ತೋರಿಸಿತು. 2022ರ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅಂತಹ ಲಾಭ ಕಾಣಲಿಲ್ಲ. ಆದುದರಿಂದ ಇದನ್ನು ಸಂಜೀವಿನಿಯೆಂದು ಕೊಂಡಾಡುವುದೂ ತಪ್ಪು, ಆಡಂಬರದ ಯಂತ್ರವೆಂದು ಹೀಗಳೆಯುವುದೂ ತಪ್ಪು. ಇದು ನ್ಯುಮೋನಿಯಾವನ್ನು ವಾಸಿಮಾಡುವುದಿಲ್ಲ. ಆ ಕೆಲಸ ಔಷಧಿಗಳದ್ದು, ದೇಹದ್ದು. ಅವು ಕೆಲಸ ಮಾಡುವವರೆಗೆ ಬೇಕಾದ ಕಾಲಾವಕಾಶವನ್ನು ಮಾತ್ರ ಈ ಸಾಧನವು ಒದಗಿಸುತ್ತದೆ.

ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಪ್ರಜ್ಞೆ ತಪ್ಪಿದವರಿಗೆ, ಉಸಿರೇ ನಿಲ್ಲುವ ಸ್ಥಿತಿಯವರಿಗೆ, ಮುಖಕ್ಕೆ ಭಾರಿ ಪೆಟ್ಟಾದವರಿಗೆ ಬೇರೆ ಮಾರ್ಗವೇ ಬೇಕು. ಇಂಗಾಲಾಮ್ಲ ಶೇಖರವಾಗುವ ಎರಡನೆಯ ಬಗೆಯ ರೋಗಿಗಳಿಗೆ ಸಾಮಾನ್ಯವಾಗಿ ಬಿಗಿಮುಖವಾಡದ ಯಂತ್ರವೇ ಮೊದಲ ಆಯ್ಕೆ. ಅವರಿಗೆ ಆಮ್ಲಜನಕವನ್ನು ಅಳತೆಮೀರಿ ಕೊಟ್ಟರೆ ಅಪಾಯ ಹೆಚ್ಚುವುದರಿಂದ ರಕ್ತದ ಆಮ್ಲಜನಕ ಪ್ರಮಾಣವನ್ನು ಶೇಕಡಾ 88ರಿಂದ 92ರ ನಡುವೆ ನಿಲ್ಲಿಸುತ್ತಾರೆ. ಪಕ್ಕದ ಹಾಸಿಗೆಯವನಿಗೆ 97 ಇದೆ, ತಮ್ಮ ತಂದೆಗೇಕೆ 90 ಎಂದು ಜಗಳಕ್ಕಿಳಿಯುವ ಮಗನು ಇದನ್ನು ತಿಳಿದಿರುವುದು ಒಳಿತು.

ಪರದೆಯ ಮೇಲಿನ ಒಂದೇ ಅಂಕಿ

ಈ ಚಿಕಿತ್ಸೆಯ ನಿಜವಾದ ಅಪಾಯ ಯಂತ್ರದಲ್ಲಿಲ್ಲ. ಅದು ಕೊಡುವ ನೆಮ್ಮದಿಯಲ್ಲಿದೆ. ರೋಗಿಯು ಕಣ್ತೆರೆದು ಮಾತನಾಡುತ್ತಾನೆ, ಎರಡು ಗುಟುಕು ನೀರು ಕುಡಿಯುತ್ತಾನೆ. ಪರದೆಯ ಮೇಲೆ 92 ಎಂಬ ಅಂಕಿ ನಿಂತಿದೆ. ಮನೆಯವರು ‘ಹಾಗೆಯೇ ಇದ್ದಾರೆ’ ಎಂದು ಸಮಾಧಾನಪಡುತ್ತಾರೆ. ಹಾಗೆಯೇ ಇದ್ದಾರೆಯೇ? ಇದಕ್ಕೆ ವೈದ್ಯರು ಬಳಸುವ ‘ರಾಕ್ಸ್ ಸೂಚ್ಯಂಕ’ವು ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ. ಪರದೆಯ ಆಮ್ಲಜನಕದ ಅಂಕಿಯನ್ನು ಯಂತ್ರವು ಕೊಡುತ್ತಿರುವ ಆಮ್ಲಜನಕದ ಭಾಗದಿಂದ ಭಾಗಿಸಿ, ಬಂದುದನ್ನು ನಿಮಿಷದ ಉಸಿರಾಟಗಳ ಸಂಖ್ಯೆಯಿಂದ ಭಾಗಿಸಬೇಕು.

ಬೆಳಿಗ್ಗೆ ಪರದೆಯಲ್ಲಿ 92 ಇದೆ. ಯಂತ್ರವು ಶೇಕಡಾ 60, ಅಂದರೆ 0.6 ಭಾಗ ಕೊಡುತ್ತಿದೆ. ಉಸಿರಾಟ ನಿಮಿಷಕ್ಕೆ 28. ಸೂಚ್ಯಂಕವು ಸುಮಾರು 5.5. ರಾತ್ರಿಯೂ ಪರದೆಯಲ್ಲಿ 92ಏ ಇದೆ. ಆದರೆ ಅದನ್ನು ಅಲ್ಲಿ ನಿಲ್ಲಿಸಲು ಯಂತ್ರವು 0.9 ಭಾಗ ಕೊಡಬೇಕಾಗಿದೆ, ಉಸಿರಾಟ 36ಕ್ಕೇರಿದೆ. ಈಗ ಸೂಚ್ಯಂಕ 2.8. ಅಂಕಿ ಬದಲಾಗಲಿಲ್ಲ, ರೋಗಿ ಬದಲಾದನು. ಸಾಲ ತಂದು ತುಂಬಿಸಿದ ತಿಜೋರಿಯ ಶಿಲ್ಕನ್ನು ನೋಡಿ ಅಂಗಡಿ ಲಾಭದಲ್ಲಿದೆ ಎಂದಂತೆ ಇದು. ಚಿಕಿತ್ಸೆ ಆರಂಭಿಸಿದ 2, 6 ಮತ್ತು 12 ಗಂಟೆಗಳಲ್ಲಿ ಸೂಚ್ಯಂಕವು 4.88 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಕೊಳವೆ ಹಾಕಬೇಕಾಗುವ ಸಂಭವ ಕಡಿಮೆ. ಹನ್ನೆರಡು ಗಂಟೆಗಳ ನಂತರ 3.85ಕ್ಕಿಂತ ಕೆಳಗಿದ್ದರೆ ಚಿಕಿತ್ಸೆ ಸೋಲುತ್ತಿದೆಯೆಂಬ ಸೂಚನೆ. ಇದೊಂದರಿಂದಲೇ ಯಾರೂ ತೀರ್ಮಾನ ಮಾಡುವುದಿಲ್ಲ. ಕತ್ತಿನ ಸ್ನಾಯುಗಳು ಬಿಗಿಯುವುದು, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿರುವುದು, ಬೆವರು, ತೂಕಡಿಕೆ, ಅಸಂಬದ್ಧ ಮಾತು—ಇವೂ ಅಷ್ಟೇ ಮುಖ್ಯ.

ಇಂತಹ ಹೊತ್ತಿನಲ್ಲಿ ವೈದ್ಯರು ಪಡಸಾಲೆಗೆ ಬಂದು ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಒಯ್ಯಬೇಕೆಂದು ಹೇಳುತ್ತಾರೆ. ‘ವೆಂಟಿಲೇಟರ್ ಹಾಕಿದರೆ ತಿರುಗಿ ಬರುವುದಿಲ್ಲ’ ಎಂಬ ಮಾತು ನಮ್ಮ ಜನರಲ್ಲಿ ಬೇರೂರಿದೆ. ಅತ್ಯಂತ ಕಾಯಿಲೆಯವರನ್ನೇ ವೆಂಟಿಲೇಟರಿಗೆ ಒಯ್ಯುವುದರಿಂದ ಅಲ್ಲಿ ಸಾವುಗಳು ಹೆಚ್ಚು. ಅದರಿಂದ ಯಂತ್ರವೇ ಕೊಂದಿತೆಂದು ತೀರ್ಮಾನಿಸಲಾಗದು. ವಿಳಂಬದ ಬೆಲೆಯೇನೆಂಬುದಕ್ಕೆ 2015ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವಿದೆ. ಅಧಿಕ ಪ್ರವಾಹ ಚಿಕಿತ್ಸೆ ಸೋತು ಕೊಳವೆ ಹಾಕಿಸಿಕೊಂಡ 175 ರೋಗಿಗಳಲ್ಲಿ, 48 ಗಂಟೆಗಳೊಳಗೆ ಹಾಕಿಸಿಕೊಂಡವರ ಪೈಕಿ ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡವರು ಶೇಕಡಾ 39. ಅನಂತರ ಹಾಕಿಸಿಕೊಂಡವರಲ್ಲಿ ಶೇಕಡಾ 67. ಇಂತಹ ಅಧ್ಯಯನದಿಂದ ಕಾರಣವನ್ನು ನಿಸ್ಸಂದೇಹವಾಗಿ ಹೇಳಲಾಗದಾದರೂ ಎಚ್ಚರಿಕೆಗೆ ಇಷ್ಟು ಸಾಕು. ಪರಊರಿನಲ್ಲಿ ನೆಲಸಿದ ಕುಟುಂಬಗಳಲ್ಲಿ ಈ ವಿಳಂಬಕ್ಕೆ ವಿಶೇಷ ಕಾರಣವೊಂದುಂಟು. ‘ಹುಬ್ಬಳ್ಳಿಯಲ್ಲಿರುವ ಅಣ್ಣನನ್ನು ಕೇಳಬೇಕು, ಉಡುಪಿಯಿಂದ ಭಾವನವರು ನಾಳೆ ಬೆಳಿಗ್ಗೆ ಬರುತ್ತಾರೆ’ ಎನ್ನುತ್ತ ರಾತ್ರಿ ಕಳೆಯುತ್ತದೆ. ಹಿರಿಯರ ಮಾತಿಗೆ ಕಾಯುವುದು ಒಳ್ಳೆಯ ಸಂಪ್ರದಾಯ. ಉಳಿತಾಯವಿಲ್ಲದ ಖಾತೆಗೆ ಅದು ಹೊಂದದು. ರೋಗಿಯನ್ನು ಅಧಿಕ ಪ್ರವಾಹಕ್ಕೆ ಹಾಕಿದ ಮೊದಲ ಗಂಟೆಯಲ್ಲೇ, ಮುಂದಿನ ಹೆಜ್ಜೆ ಬಂದರೆ ಒಪ್ಪಿಗೆ ಕೊಡುವವರು ಯಾರೆಂಬುದನ್ನು ಮನೆಯವರು ಫೋನಿನಲ್ಲಿಯೇ ತೀರ್ಮಾನಿಸಿಕೊಳ್ಳಬೇಕು.

ಅನಿಲದ ಖರ್ಚು

ಅರವತ್ತು ಲೀಟರಿನ ಪ್ರವಾಹವನ್ನು ಶುದ್ಧ ಆಮ್ಲಜನಕದಿಂದಲೇ ಕೊಟ್ಟರೆ ದಿನಕ್ಕೆ 86,400 ಲೀಟರು ಬೇಕು. ಆಸ್ಪತ್ರೆಯ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರು ಹಿಡಿಯುತ್ತದೆ. ಅದು ಎರಡು ಗಂಟೆಗೆ ಮೊದಲೇ ಬರಿದಾಗುತ್ತದೆ. ಒಬ್ಬ ರೋಗಿಗೆ ದಿನಕ್ಕೆ ಹನ್ನೆರಡು ಸಿಲಿಂಡರು! ಅದೇ ಅನಿಲವು ಐದು ಲೀಟರಿನ ಹನ್ನೆರಡು ರೋಗಿಗಳಿಗೆ ಸಾಕಾಗುತ್ತಿತ್ತು. ಆಮ್ಲಜನಕದ ಪಾಲನ್ನು ಇಳಿಸಿದಂತೆ ಈ ಖರ್ಚೂ ಇಳಿಯುತ್ತದೆ. ಐವತ್ತು ಲೀಟರಿನ ಪ್ರವಾಹದಲ್ಲಿ ಶೇಕಡಾ 60ಕ್ಕೆ ಇಟ್ಟರೆ ಶುದ್ಧ ಆಮ್ಲಜನಕ ಬೇಕಾಗುವುದು ಸುಮಾರು 25 ಲೀಟರು.

2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಈ ಲೆಕ್ಕವು ದೇಶದ ಮುಂದೆ ಭೀಕರವಾಗಿ ನಿಂತಿತು. ಮುಂಬಯಿಯ ಹತ್ತಿರದ ಕಳಂಬೋಲಿಯಿಂದ ಏಪ್ರಿಲ್ 19ರಂದು ಬರಿಯ ಟ್ಯಾಂಕರುಗಳನ್ನು ಹೊತ್ತ ರೈಲು ವಿಶಾಖಪಟ್ಟಣಕ್ಕೆ ಹೊರಟು ದ್ರವರೂಪದ ಆಮ್ಲಜನಕವನ್ನು ತಂದಿತು. ಟಾಟಾನಗರದಿಂದ ಬೆಂಗಳೂರಿಗೆ ಮೊದಲ ರೈಲು ತಲಪಿದುದು ಮೇ 11ರಂದು. ಅದಕ್ಕೆ ಮೊದಲೇ, ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ಮಂದಿ ರೋಗಿಗಳು ತೀರಿಕೊಂಡಿದ್ದರು. ಆ ದಿನಗಳಲ್ಲಿ ಅನೇಕ ಕುಟುಂಬಗಳು ಮನೆಗೆ ತಂದ ಆಮ್ಲಜನಕ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 5 ಅಥವಾ 10 ಲೀಟರು ಕೊಡತಕ್ಕವು. ಅಧಿಕ ಪ್ರವಾಹ ಬೇಕಾದ ರೋಗಿಯನ್ನು ಅವುಗಳ ಭರವಸೆಯಲ್ಲಿ ಮನೆಯಲ್ಲಿಟ್ಟುಕೊಳ್ಳಲಾಗದು. ಅವುಗಳನ್ನು ಬಳಸುವ ಕೋಣೆಯಲ್ಲಿ ದೇವರ ದೀಪ, ಊದಿನಕಡ್ಡಿ ಇರಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಬಳಿಯಲ್ಲಿರುವವರು ಮಾಡಬಹುದಾದುದು

ರೋಗಿಯನ್ನು ಅರೆಕುಳಿತ ಭಂಗಿಯಲ್ಲಿಡುವುದು, ನಳಿಕೆ ಜಾರಿದರೆ ತಿಳಿಸುವುದು, ವೈದ್ಯರು ಹೇಳಿದಾಗ ಬೋರಲಾಗಿ ಮಲಗಲು ಉತ್ತೇಜಿಸುವುದು—ಇವು ಸಣ್ಣ ಕೆಲಸಗಳಲ್ಲ. ಕೋವಿಡ್ ರೋಗಿಗಳು ಎಚ್ಚರದಲ್ಲೇ ಬೋರಲು ಮಲಗುವುದರ ಪ್ರಯೋಜನವನ್ನು ಆರು ದೇಶಗಳ 1,100ಕ್ಕೂ ಹೆಚ್ಚು ರೋಗಿಗಳ ಅಧ್ಯಯನವು 2021ರಲ್ಲಿ ತೋರಿಸಿದೆ. ಚಿಕಿತ್ಸೆ ಸೋತವರು ಶೇಕಡಾ 46ರಿಂದ 40ಕ್ಕೆ ಇಳಿದರು.

ಇದಕ್ಕಿಂತ ದೊಡ್ಡ ಸಹಾಯ ಭಾಷೆಯದು. ಬಿಗಿಮುಖವಾಡದಲ್ಲಿ ಮಾತು ಕಷ್ಟ, ಗಂಟಲ ಕೊಳವೆಯಲ್ಲಿ ಅಸಾಧ್ಯ. ಅಧಿಕ ಪ್ರವಾಹದಲ್ಲಿ ಮಾತ್ರ ಬಾಯಿ ಸ್ವತಂತ್ರವಾಗಿರುತ್ತದೆ. ಆದರೆ ಕನ್ನಡವೊಂದನ್ನೇ ಬಲ್ಲ ಮುದುಕಿಯ ಮಾತು ಮರಾಠಿ ಅಥವಾ ಮಲೆಯಾಳ ಮಾತೃಭಾಷೆಯ ದಾದಿಗೆ ತಿಳಿಯದಿದ್ದರೆ ಆ ಸ್ವಾತಂತ್ರ್ಯದಿಂದೇನು? ಆಕೆ ‘ಸಂಕಟವಾಗುತ್ತದೆ’ ಎಂದರೆ ಹೊಟ್ಟೆ ತೊಳಸುತ್ತಿದೆ ಎಂದೂ ಇರಬಹುದು. ಮರಾಠಿಯ ಕಿವಿಗೆ ‘ಸಂಕಟ’ವೆಂದರೆ ವಿಪತ್ತು. ಉಸಿರು, ದಮ್ಮು, ನೋವು, ನೀರು, ಸಂಕಟ, ಸಾಕು—ಇಂತಹ ಹತ್ತು ಹನ್ನೆರಡು ಮಾತುಗಳನ್ನು ದೇವನಾಗರಿ ಲಿಪಿಯಲ್ಲಿ ಬರೆದು, ಎದುರಿಗೆ ಹಿಂದಿಯ ಅರ್ಥವನ್ನು ಕೊಟ್ಟು ಹಾಸಿಗೆಯ ತಲೆಬದಿಗೆ ಅಂಟಿಸಿದರೆ ಎಷ್ಟೋ ಅನುಕೂಲ. ಕನ್ನಡ ಸಂಘಗಳು ಇಂತಹ ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿದರೆ, ಒಂದು ಸನ್ಮಾನ ಸಮಾರಂಭದ ಶಾಲು-ಹಾರದ ವೆಚ್ಚವೂ ತಗಲಲಾರದು.

ಬಾಯಿ ಸ್ವತಂತ್ರವಾಗಿರುವ ಈ ಅವಧಿಗೆ ಇನ್ನೊಂದು ಮಹತ್ವವಿದೆ. ತೀರ ಮುಪ್ಪಿನವರು, ಗುಣವಾಗದ ರೋಗದ ಕೊನೆಯ ಹಂತದವರು, ಕೊಳವೆ ಬೇಡವೆಂದು ತಾವೇ ಹೇಳಬಹುದು. ಅಂತಹವರಿಗೆ ಅಧಿಕ ಪ್ರವಾಹವೇ ಕೊನೆಯ ಮಿತಿಯಾಗಿ, ಏದುಸಿರಿನ ಬಾಧೆಯನ್ನು ತಗ್ಗಿಸುವ ಉಪಶಮನವಾಗಿ ಉಳಿಯುತ್ತದೆ. ಚಿಕಿತ್ಸೆಯ ಮಿತಿಯನ್ನು ಮುಂಗಡವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರ ತೀರ್ಪಿನಲ್ಲಿ ಮಾನ್ಯಮಾಡಿದೆ. ಬರೆದಿಟ್ಟಿರಲಿ, ಬಿಡಲಿ, ಕೇಳಬೇಕಾದವರು ಎದುರಿಗೇ ಮಲಗಿದ್ದಾರೆ. ಮಕ್ಕಳು ಪಡಸಾಲೆಯಲ್ಲಿ ಪಿಸುಗುಟ್ಟಿ ತೀರ್ಮಾನಿಸುವ ಬದಲು ಒಳಗೆ ಹೋಗಿ, ಕೈಹಿಡಿದು, ತಮ್ಮ ಮನೆಯ ಮಾತಿನಲ್ಲಿ ಕೇಳಬಹುದು.

ಚೇತರಿಸಿಕೊಳ್ಳುವ ರೋಗಿಯಲ್ಲಿ ಯಂತ್ರವನ್ನು ಒಮ್ಮೆಗೇ ತೆಗೆಯುವುದಿಲ್ಲ. ಸಾಮಾನ್ಯವಾಗಿ ಮೊದಲು ಆಮ್ಲಜನಕದ ಪಾಲನ್ನು ಮೆಲ್ಲಗೆ ಶೇಕಡಾ 40ರ ಹತ್ತಿರಕ್ಕೆ ಇಳಿಸುತ್ತಾರೆ. ಉಸಿರಾಟವು ಶಾಂತವಾಗಿಯೇ ಇದ್ದರೆ ಪ್ರವಾಹವನ್ನು ಐದು-ಹತ್ತು ಲೀಟರುಗಳಂತೆ ತಗ್ಗಿಸುತ್ತ ಬರುತ್ತಾರೆ. ನಡುವೆ ಒಂದು ರಾತ್ರಿ ಮತ್ತೆ ಏರಿಸಬೇಕಾಗಿ ಬಂದರೆ ಎದೆಗುಂದಬೇಕಾಗಿಲ್ಲ, ಹೀಗಾಗುವುದುಂಟು. ಕೊನೆಗೆ ದಪ್ಪ ಕೊಳವೆಯು ಹೋಗಿ ಹಳೆಯ ಸಣ್ಣ ನಳಿಕೆಯು ಮೂಗಿಗೆ ಬರುತ್ತದೆ. ಬೇರೆ ಆತಂಕಗಳಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ರೋಗಿಯನ್ನು ಸಾಮಾನ್ಯ ವಾರ್ಡಿಗೆ ಕಳುಹಿಸುತ್ತಾರೆ.